ಬಾಣಂತಿ ಕೋಣೆಯ ಶಾಖ

ನನ್ನ ಬಾಣಂತನಕ್ಕೆ ಅವ್ವ ರಾಯಚೂರಿನಿಂದ ತೆಲುಗು ನಾಡಿನ ಕೊಂಡಾಪುರಕ್ಕೆ ಬಂದಿಳಿದಾಗ ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ಚೀಲದಲ್ಲಿ ಅಂಟಿನುಂಡೆ, ಲೋಬಾನ, ಮಗುವಿನ ತಲೆಗೊಂದು ಕುಲಾಯಿ. ಎಲ್ಲದರ ಅಡಿಯಲ್ಲಿ, ಕೆಂಡ ಹಾಕುವ ಕಬ್ಬಿಣದ ಅಗ್ಗಿಷ್ಟಿಕೆ. ಬಂದವಳೇ ಮೊದಲು ಮಾಡಿದ ಕೆಲಸ ನನ್ನ ಕೋಣೆಯ ಕಿಟಕಿ ಮುಚ್ಚಿದ್ದು.

“ಕೆರೀ ಗಾಳಿ ಕೂಸಿಗೆ ಆಗಂಗಿಲ್ಲ,” ಎಂದಳು.

“ಯವ್ವಾ, ಕೆರಿ ಎಲ್ಲೈತಿ ಈಗ?” ಎಂದೆ. ಕೇಳಿಸಿಕೊಂಡರೆ ತಾನೆ!

ಅವಳನ್ನು ಅಂದೇನು ಫಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಬಂದಿದ್ದಳು. ಆಗ ಈ ಬೀದಿಯ ಹಿಂದೆ ಒಂದು ಕೆರೆ, ಅದರಾಚೆ ಒಂದರ ಮೇಲೊಂದು ಕೂತ ಹೆಬ್ಬಂಡೆಗಳು. ಹಗಲು ಎಷ್ಟೇ ಕಾದರೂ ಸಂಜೆಗೆ ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವ್ವ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂರುತ್ತಿದ್ದಳು. ಆಮೇಲೆ ನಮ್ಮಂಥವರಿಗೆ ಆಫೀಸು ಬೇಕಾಯಿತು, ಮನೆ ಬೇಕಾಯಿತು. ಬಂಡೆಗಳನ್ನು ಸಿಡಿಸಿದರು. ಆ ಕಲ್ಲುಚೂರನ್ನೇ ಕೆರೆಗೆ ಸುರಿದು, ಅದರ ಮೇಲೂ ಅಪಾರ್ಟ್‌ಮೆಂಟ್ ಎಬ್ಬಿಸಿದರು. ನೀರು, ಗಿಡ ಇದ್ದಲ್ಲಿ ಕಾಂಕ್ರೀಟು ಬಂತು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ನಮ್ಮ ಮೇಲೇ ಕಾರುತ್ತಿತ್ತು. ಆಫೀಸಿನೊಳಗೆ ಮಾತ್ರ ಮೇ ತಿಂಗಳಲ್ಲೂ ಸ್ವೆಟರ್ ತೊಟ್ಟು ಕೂರುತ್ತಿದ್ದೆವು.

ಎಣ್ಣೆ ನೀರು ಆದ ಮೇಲೆ ಅವ್ವ ಮಂಚದ ಕೆಳಗೆ ಕೆಂಡ ಇಟ್ಟಳು. ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದಳು. ಮಗುವಿಗೆ ಕುಲಾಯಿ ತೊಡಿಸಿ ದಪ್ಪ ಬಟ್ಟೆಯಲ್ಲಿ ಸುತ್ತಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ನಾ ಏನು ರೊಟ್ಟಿ ಏನವ್ವ, ಹಿಂಗ ಸುಡಾಕ?”

“ನಿನ್ನೂ ಹಿಂಗ ಕಾಸೇ ಬೆಳಸೀನಿ. ಏನಾಗೈತಿ ನಿನಗ? ಬಾಯಿ ಒಂದು ಜೋರಾಗೈತಿ, ಅಷ್ಟ!”

ಊರಿನ ನಮ್ಮ ಮನೆಯದು ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಅಂಗಳದಲ್ಲಿ ಬೇವಿನ ಮರ. ಹೊರಗೆ ಎಂಥ ಬಿಸಿಲಿದ್ದರೂ ಒಳಕೋಣೆ ತಣ್ಣಗಿರುತ್ತಿತ್ತು. ಅಲ್ಲಿ ಬಾಣಂತಿಗೆ ಕೆಂಡ ಬೇಕೇ ಬೇಕಿತ್ತು.

ಕೆಲವೇ ದಿನಗಳಲ್ಲಿ ಮಗುವಿನ ಕತ್ತು, ಬೆನ್ನಿನ ತುಂಬ ಕೆಂಪು ಗುಳ್ಳೆ ಎದ್ದವು. ಒಂದು ಮಧ್ಯಾಹ್ನ ಮುಟ್ಟಿದರೆ ಮೈ ಸುಡುತ್ತಿತ್ತು. ಹಾಲಿಗೆ ಬಾಯಿ ಹಾಕಲಿಲ್ಲ, ಅಳಲೂ ಇಲ್ಲ. ಅಳದೇ ಇದ್ದುದೇ ನನ್ನನ್ನು ಹೆಚ್ಚು ಹೆದರಿಸಿತು. ಗಾಳಿಯಾದರೂ ಆಡಲಿ ಎಂದು ಓಡಿ ಕಿಟಕಿ ತೆರೆದರೆ, ಮುಖಕ್ಕೆ ರಪ್ಪನೆ ಬಿಸಿಗಾಳಿ ಹೊಡೆಯಿತು. ಆ ಕಿಟಕಿ ಇದ್ದದ್ದು ಕಟ್ಟಡದ ನಡುವಿನ ಇಕ್ಕಟ್ಟು ಸಂದಿಗೆ. ಕೆಳಗಿನ ಮನೆಗಳ ಎಸಿ ಪೆಟ್ಟಿಗೆಗಳೆಲ್ಲ ಅಲ್ಲೇ ಗೊರಗುಟ್ಟುತ್ತಿದ್ದವು. ಅವು ಉಗುಳಿದ ಬಿಸಿಯೆಲ್ಲ ಮೇಲೇರಿ ನಮ್ಮಲ್ಲಿಗೆ ಬರುತ್ತಿತ್ತು.

ಅವ್ವ ಕೈ ಹೊರಗೆ ಚಾಚಿ, ಹಿಂದಕ್ಕೆ ಎಳೆದುಕೊಂಡಳು. “ಅಯ್ಯ ಶಿವನೇ! ಈ ಬಿಲ್ಡಿಂಗಿನ್ಯಾಗ ಎಷ್ಟು ಮಂದಿ ಬಾಣಂತ್ಯಾರು ಅದಾರ? ಎಲ್ಲಾರ ಮನಿ ಶಾಖ ಇಲ್ಲೇ ಬರಾಕತ್ತೈತಲ್ಲ!”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಸಂಜೆಯವರೆಗೆ ಮಗುವನ್ನು ಅಲ್ಲೇ ಇರಿಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದರು. ಸೋಂಕೇನಿಲ್ಲ, ಸೆಕೆ ತಡೆದುಕೊಳ್ಳಲಾಗಿಲ್ಲ, ಕೋಣೆ ತಂಪಾಗಿಡಿ ಎಂದರು. ತೆಳು ಬಟ್ಟೆಯಲ್ಲಿ ಮಲಗಿದ್ದ ಮಗು ಕೊನೆಗೂ ಹಾಲು ಕುಡಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದದ್ದೇ ಅವ್ವ ತಾನಾಗಿಯೇ ಅಗ್ಗಿಷ್ಟಿಕೆಯ ಬೂದಿ ಚೆಲ್ಲಿ, ಅದನ್ನು ತೊಳೆದು ಚೀಲಕ್ಕೆ ಹಾಕಿದಳು. ಆಮೇಲೆ ಬಾಗಿಲ ಬಳಿ ಕೂತುಬಿಟ್ಟಳು. ಮಗುವನ್ನು ಮುಟ್ಟಲೊಲ್ಲಳು.

“ನನ್ನ ಕೈಯಿಂದನ ಆತೇನವ್ವ?” ಎಂದಳು.

ಆಟೋದಲ್ಲಿ ಬರುವಾಗ ನಾಲ್ಕು ಮಾತು ಆಡಬೇಕೆಂದು ಕಾಯ್ದಿರಿಸಿದ್ದೆ. ಆ ಮುಖ ನೋಡಿ ಎಲ್ಲ ಇಂಗಿಹೋಯಿತು.

“ನಿನ್ನ ಕೈ ಏನು ಮಾಡೈತಿ? ನಿನಗ ಗೊತ್ತಿದ್ದ ಹವಾನ ಈಗ ಉಳಿದಿಲ್ಲ,” ಎಂದು ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಅವಳು ಅತ್ತಳು, ನಾನೂ ಅತ್ತೆ.

ಮರುದಿನವೇ ನಮ್ಮ ಕೋಣೆಗೂ ಎಸಿ ಬಂತು. ಮಗು ತಣ್ಣಗೆ ನಿದ್ದೆ ಹೋಯಿತು. ಅವ್ವ ಅದರ ಮಗ್ಗುಲಲ್ಲಿ ಕೂತು, ಕಿಟಕಿಯಾಚೆ ಗೊರಗುಟ್ಟುತ್ತಿದ್ದ ನಮ್ಮ ಪೆಟ್ಟಿಗೆಯನ್ನೇ ಆಲಿಸುತ್ತಿದ್ದಳು.

“ಇಲ್ಲಿದ್ದ ಶಾಖ ಎಲ್ಲಿಗೆ ಹೋತು?”

“ಹೊರಗ. ಆ ಸಂದಿಗೆ.”

“ಅಲ್ಲಿಂದ?”

“ಮ್ಯಾಲ.”

ಅವ್ವ ಕತ್ತೆತ್ತಿ ಸೂರು ನೋಡಿದಳು. “ಮ್ಯಾಲಿನ ಮನ್ಯಾಗ ಕೂಸೈತೇನು?”

ಎಷ್ಟೋ ವರ್ಷದಿಂದ ಅದೇ ಕಟ್ಟಡದಲ್ಲಿದ್ದೆ. ಮೇಲೆ ಯಾರಿದ್ದಾರೆಂದು ನನಗೆ ತಿಳಿದಿರಲಿಲ್ಲ.

“ಗೊತ್ತಿಲ್ಲವ್ವ.”

ಅವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. ತೆಲುಗಿನ ಒಂದಕ್ಷರ ಬಾರದಿದ್ದರೂ ಚಪ್ಪಲಿ ಮೆಟ್ಟಿಕೊಂಡು, ಮೇಲಿನ ಮನೆಯವರನ್ನು ಕೇಳಿ ಬರಲು ಹೊರಟೇಬಿಟ್ಟಳು.