ಕೂಡ್ರಿಸುವ ಗುರುಲಿಂಗವ್ವ

ಹುನಗುಂದದ ಆ ಓಣಿಯಲ್ಲಿ ಯಾವ ಮನೆಯ ಹೆಣ್ಣುಮಗಳು ಸತ್ತರೂ ಮೊದಲು ಸುದ್ದಿ ಹೋಗುತ್ತಿದ್ದುದು ಅಯ್ಯನವರಿಗಲ್ಲ, ಗುರುಲಿಂಗವ್ವನಿಗೆ. ರೊಟ್ಟಿ ಬಡಿಯುತ್ತಿದ್ದರೆ ಹಿಟ್ಟಿನ ಕೈ ತೊಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಸತ್ತವರ ಮನೆಯಲ್ಲಿ ಅಳುವವರಿಗೇನು ಬರ, ಕೆಲಸ ಮಾಡುವವರು ಬೇಕು. ಅವಳು ಹೊಸ್ತಿಲು ದಾಟಿದಳೆಂದರೆ ಎದೆ ಬಡಿದುಕೊಂಡು ಅಳುವವರೂ ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಮೈ ಆರಿ ಕೈಕಾಲು ಸೆಟೆಯುವ ಮುಂಚೆ ಹೆಣವನ್ನು ಕೂಡ್ರಿಸಬೇಕು. ಮೈಗೆ ನೀರು ಹಾಕಿ, ಸೀರೆ ಉಡಿಸಿ, ಹಣೆಗೂ ತೋಳಿಗೂ ವಿಭೂತಿ ಹಚ್ಚಿ, ಕಾಲು ಮಡಚಿ, ಬೆನ್ನನ್ನು ಗೋಡೆಗೆ ಆನಿಸಿ, ಗದ್ದದ ಕೆಳಗಿಂದ ಬಟ್ಟೆ ತಂದು ಗೂಟಕ್ಕೆ ಬಿಗಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟಳೆಂದರೆ ಮುಗಿಯಿತು. ಬದುಕಿದ್ದಾಗ ಗೂನು ಬೆನ್ನಿನಿಂದ ಓಡಾಡಿದ ಮುದುಕಿಯೂ ಗದ್ದುಗೆ ಏರಿದವಳ ಹಾಗೆ ನೆಟ್ಟಗೆ ಕೂಡುತ್ತಿದ್ದಳು. ಕುಣಿಯಲ್ಲೂ ಹಾಗೆಯೇ ಕೂತ ಭಂಗಿಯಲ್ಲಿ ಇಳಿಸಿ ಮಣ್ಣು ಕೊಡುವುದು ಅವರ ಮಂದಿಯ ಪದ್ಧತಿ.

ಇದಕ್ಕಾಗಿ ಅವಳು ಯಾರ ಮನೆಯಿಂದಲೂ ಒಂದು ಕುಪ್ಪಸದ ಖಣವನ್ನೂ ತೆಗೆದುಕೊಂಡವಳಲ್ಲ. ಹೊಟ್ಟೆಗೆ ಕೋರ್ಟಿನ ಎದುರಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು, ಗಂಡ ಹೋದ ಮೇಲೆ ಮಗನನ್ನು ಬೆಳೆಸಿದ್ದೂ ಅದರಲ್ಲಿಯೇ. ಹೆಣದ ಕೆಲಸದಿಂದ ಸಿಕ್ಕಿದ್ದು ಮರ್ಯಾದೆ. ಅದರ ರುಚಿ ಅವಳಿಗೆ ಚೆನ್ನಾಗಿ ಹತ್ತಿತ್ತು. ಯಾವ ಮನೆಯ ಸೊಸೆಯಾದರೂ ಕಲಿಯುವ ಆಸೆಯಿಂದ ಹತ್ತಿರ ಬಂದು ಕೈ ಹಚ್ಚಿದರೆ ಗದರಿಸಿ ಹಿಂದಕ್ಕೆ ಕಳಿಸುತ್ತಿದ್ದಳು. ಸ್ವಂತ ಸೊಸೆ ಮಹೇಶ್ವರಿಗೂ ಕಲಿಸಲಿಲ್ಲ. ಇಡೀ ಓಣಿಯಲ್ಲಿ ಈ ವಿದ್ಯೆ ಬಲ್ಲವಳು ತಾನೊಬ್ಬಳೇ ಎಂಬುದು ಅವಳಿಗೆ ಬಂಗಾರಕ್ಕಿಂತ ಹೆಚ್ಚಿನದಾಗಿತ್ತು.

ಕೊರೊನಾ ಬಂದು ಖಾನಾವಳಿ ಬಾಗಿಲು ಹಾಕಿದ ಮೇಲೆ ರೊಟ್ಟಿಯ ಕೆಲಸ ನಿಂತಿತು. ಕೈ ಖಾಲಿಯಾದ ಹೆಂಗಸು ಕಟ್ಟೆಗೆ ಬಂದು ಕೂತಳು, ಕೈ ಮಾಡುತ್ತಿದ್ದ ಕೆಲಸವನ್ನೆಲ್ಲ ನಾಲಿಗೆ ವಹಿಸಿಕೊಂಡಿತು. ಅದೇ ಮಳೆಗಾಲದಲ್ಲಿ ಎದುರು ಮನೆಯ ದಾನವ್ವನಿಗೆ ದಮ್ಮು ಹತ್ತಿತು. ದಾನವ್ವನ ಮಗಳು ಶಿವಗಂಗಾ, ಗಂಡನ ಮನೆ ಬಿಟ್ಟು ಬಂದು ಹೊಲಿಗೆ ಯಂತ್ರ ಹಾಕಿಕೊಂಡು ತಾಯಿಯ ಜೊತೆ ಇದ್ದವಳು, ತಾಯಿಯನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದಳು. ದಾನವ್ವ ತಿರುಗಿ ಬರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉದ್ದಕ್ಕೆ ಮಲಗಿಸಿ, ಜೆಸಿಬಿಯಿಂದ ಮಣ್ಣು ಎಳೆದರು. ಮಗಳು ದೂರದ ಬೇಲಿಯ ಬಳಿ ನಿಂತು ನೋಡಿ ಬಂದಳು.

ಶಿವಗಂಗಾ ಮನೆಗೆ ಬಂದು ಮೊದಲ ಸಲ ನೀರಿಗೆ ನಲ್ಲಿಯ ಬಳಿ ನಿಂತ ದಿನ ಗುರುಲಿಂಗವ್ವ ಓಣಿಯ ಮಂದಿಯೆಲ್ಲ ಕೇಳುವ ಹಾಗೆ ಬಾಯಿ ತೆಗೆದಳು.

“ಹೆತ್ತಾಕಿನ್ನ ಕಸಾ ಮಾಡಿ ಒಗದು ಬಂದಿ. ಸತ್ತ ಎಮ್ಮಿ ಮುಚ್ಚಿದಂಗ ಮುಚ್ಚಿದ್ರಂತ.”

“ಉಸರಾಡಾಕ ಆಗವಲ್ದಾಗಿತ್ತು ದೊಡ್ಡವ್ವ,” ಎಂದಳು ಶಿವಗಂಗಾ. “ನಾ ಏನ್ ಮಾಡಬೇಕಿತ್ತು?”

“ಮನ್ಯಾಗ ಇಟ್ಕೋಬೇಕಿತ್ತು. ಉಸರು ಇವತ್ತ ಇಲ್ಲಂದ್ರ ನಾಳಿ ಹೋಗೂದಽ. ನಾ ಕೂಡ್ರಸ್ತಿದ್ನಿ.”

ಮಾತು ಅಷ್ಟಕ್ಕೇ ನಿಂತಿದ್ದರೆ ಓಣಿ ಎರಡು ದಿನ ಚಪ್ಪರಿಸಿ ಮರೆಯುತ್ತಿತ್ತು. ಆದರೆ ಗುರುಲಿಂಗವ್ವನಿಗೆ ಮಂದಿ ತನ್ನ ಮಾತಿಗೆ ತಲೆ ಆಡಿಸುವುದು ಕಂಡಿತು. ಅಲ್ಲಿಯೇ ಮಗನನ್ನು ಕರೆದಳು. ವಿಜಯಮಹಾಂತೇಶ ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ ನಡೆಸುತ್ತಿದ್ದವ, ತಾಯಿಯ ಮಾತು ಮೀರಿದವನಲ್ಲ. ಅವನ ಕೈಯನ್ನು ತನ್ನ ಕೊರಳಿನ ಲಿಂಗದ ಮೇಲೆ ಇಡಿಸಿಕೊಂಡು, ತನಗೆ ಏನೇ ಆದರೂ ದವಾಖಾನೆಗೆ ಒಯ್ಯಬಾರದು, ತಾನೇ ಬಾಯಿಬಿಟ್ಟು ಕೇಳಿದರೂ ಒಯ್ಯಬಾರದು ಎಂದು ಆಣೆ ಮಾಡಿಸಿದಳು. ಹೆಂಗಸರು ಕಣ್ಣಿಗೆ ಸೆರಗು ಹಚ್ಚಿದರು. ಶಿವಗಂಗಾ ತುಂಬದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋದಳು. ಆ ಮೇಲೆ ಅವಳ ಬಳಿಗೆ ಕುಪ್ಪಸ ಹೊಲಿಸಲು ಹೋಗುವವರು ಕಡಿಮೆಯಾದರು, ಅದನ್ನು ಕಂಡೂ ಗುರುಲಿಂಗವ್ವನಿಗೆ ಅಯ್ಯೋ ಅನ್ನಿಸಲಿಲ್ಲ.

ಮರು ಬೇಸಿಗೆಗೆ ರೋಗ ಇನ್ನಷ್ಟು ಕೆಟ್ಟದಾಗಿ ಬಂತು. ಆದರೆ ಈ ಸಲ ಓಣಿಯಲ್ಲಿ ಕೊರೊನಾದಿಂದ ಯಾರೂ ಸಾಯಲಿಲ್ಲ! ಒಬ್ಬಳು ಹೃದಯ ನಿಂತು ಸತ್ತಳು, ಒಬ್ಬಳು ಸಕ್ಕರೆ ಕಾಯಿಲೆಯಿಂದ ಸತ್ತಳು, ಇನ್ನೊಬ್ಬಳಿಗೆ ವಯಸ್ಸಾಗಿತ್ತು. ಹೆಣವನ್ನು ಅಧಿಕಾರಿಗಳು ಒಯ್ಯಬಾರದೆಂದು ಮನೆಮನೆಗೂ ಒಂದೊಂದು ಕಾರಣ ತಯಾರಿತ್ತು. ಗುರುಲಿಂಗವ್ವನಿಗೆ ಗೊತ್ತಿರಲಿಲ್ಲವೇ? ಮೈ ತೊಳೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿತ್ತು. ಆದರೂ ಹೋದಳು, ಕೂಡ್ರಿಸಿದಳು, ಬಂದು ತಲೆಗೆ ನೀರು ಹಾಕಿಕೊಂಡಳು. ಬೇಡ ಎಂದು ಸೊಸೆ ಹೇಳಿದ್ದಕ್ಕೆ, ತಾನು ಹೋಗದಿದ್ದರೆ ಆ ಮುದುಕಿಯರನ್ನು ಯಾರು ಕೂಡ್ರಿಸಬೇಕು ಎಂದು ಕೇಳಿದಳು.

ಮೂರನೆಯ ಹೆಣದ ಮೇಲೆ ಅವಳಿಗೆ ಜ್ವರ ಬಂತು. ವಿಜಯಮಹಾಂತೇಶ ಔಷಧ ಅಂಗಡಿಯಿಂದ ಗುಳಿಗೆ ತಂದು ಕೊಟ್ಟ. ಕೇಳಿದವರಿಗೆ ಅವ್ವನಿಗೆ ಪಿತ್ತ ಆಗಿದೆ ಎಂದ. ಗಂಟಲ ದ್ರವ ಒಯ್ದು ನೋಡಿದರೆ ಬಾಗಿಲಿಗೆ ಪಟ್ಟಿ ಕಟ್ಟುತ್ತಾರೆ, ಪಟ್ಟಿ ಕಟ್ಟಿದರೆ ಅಂಗಡಿಯೂ ಮುಚ್ಚಿದಂತೆಯೇ ಎಂಬುದು ಅವನ ಮನಸ್ಸಿನಲ್ಲಿ ಇರಲಿಲ್ಲ ಎಂದು ನಾನಂತೂ ಹೇಳಲಾರೆ. ಆದರೆ ತಾಯಿಯ ಮೇಲಿನ ಪ್ರೀತಿಯೂ ಸುಳ್ಳಲ್ಲ. ಎರಡೂ ಒಂದೇ ಕಡೆಗೆ ಎಳೆದಾಗ ಮನುಷ್ಯನಿಗೆ ತಾನು ಧರ್ಮವಂತ ಅನ್ನಿಸುವುದು ಬಹಳ ಸುಲಭ.

ಆಮೇಲೆ ದಮ್ಮು ಶುರುವಾಯಿತು. ಗುರುಲಿಂಗವ್ವ ಸಾವನ್ನು ಬಹಳ ಹತ್ತಿರದಿಂದ ಬಲ್ಲೆ ಎಂದುಕೊಂಡಿದ್ದವಳು. ಆದರೆ ಅವಳು ನೋಡಿದ್ದೆಲ್ಲ ಸತ್ತ ಮೇಲಿನದು. ಅದಕ್ಕೆ ಮುಂಚೆ ಹೀಗಿರುತ್ತದೆ ಎಂದು ಆ ಹೆಣಗಳಲ್ಲಿ ಒಂದೂ ಅವಳಿಗೆ ಹೇಳಿರಲಿಲ್ಲ. ಎದೆಯ ಮೇಲೆ ಜೋಳದ ಚೀಲ ಹೇರಿದಂತೆ, ಬಾಯಿ ತೆರೆದಷ್ಟೂ ಗಾಳಿ ಒಳಗೆ ಹೋಗದು. ಕೂಡುವುದು, ಮಲಗುವುದು, ಕುಣಿ, ಹೆಣ ಹೊರುವ ವಿಮಾನ, ಎಲ್ಲ ತಲೆಯಿಂದ ಹಾರಿಹೋಯಿತು. ಅವಳಿಗೆ ಬದುಕಬೇಕು ಅನ್ನಿಸಿತು. ಮತ್ತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬೇಕು ಅನ್ನಿಸಿತು, ಅದರಲ್ಲಿ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಮೊದಲು ಸೊಸೆಯನ್ನು ಕೇಳಿದಳು. ಮಹೇಶ್ವರಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಗಂಡನಿಗೆ ಹೇಳಿದಳು. ಅವನು ಬಂದು ತಾಯಿಯ ಕಾಲ ಬಳಿ ಕೂತ.

“ದವಾಖಾನಿಗೆ ಒಯ್ಯೋ ತಮ್ಮಾ,” ಎಂದಳು ಗುರುಲಿಂಗವ್ವ, ಒಂದೊಂದು ಮಾತಿಗೂ ಒಮ್ಮೆ ನಿಂತು. “ಆಣಿ ನಾನಽ ಬಿಟ್ಟೇನಿ. ಒಯ್ಯಿ.”

ಅವನು ಅತ್ತ. ಅತ್ತು, ಹೊರಗೆ ಬಂದು ಕಟ್ಟೆಯ ಮೇಲಿದ್ದ ಹಿರಿಯರನ್ನು ಕೇಳಿದ. ಅವರಿಗೆ ಯೋಚನೆಯೇ ಬೇಕಾಗಲಿಲ್ಲ. ಇದು ಜ್ವರದ ಮಾತು, ನಿನ್ನ ತಾಯಿಯ ಮಾತಲ್ಲ. ಹೀಗೆ ಕೇಳಿಯೇನೆಂದು ಗೊತ್ತಿದ್ದೇ ಅಂದು ಹಾಗೆ ಆಣೆ ಮಾಡಿಸಿದ್ದಾಳೆ. ಎಂಥ ಹೆಂಗಸು ನೋಡು, ಎಂದು ಹೊಗಳಿದರು. ಪಕ್ಕದ ಮನೆಗೆ ಗಾಡಿ ಬಂದರೆ ನಾಳೆ ತಮ್ಮ ಬಾಗಿಲಿಗೂ ಪಟ್ಟಿ ಬೀಳುತ್ತದೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಮುಂಜಾನೆ ಮಗ ಅಂಗಡಿಯಲ್ಲಿದ್ದಾಗ ಗುರುಲಿಂಗವ್ವ ತೆವಳಿಕೊಂಡು ಕಿಟಕಿಯ ತನಕ ಹೋದಳು. ಎದುರು ಮನೆಯಲ್ಲಿ ಶಿವಗಂಗಾ ಮಾಸ್ಕ್ ಹೊಲಿಯುತ್ತಿದ್ದಳು. ಕೂಗಲು ದನಿಯಿಲ್ಲ, ಕಿಟಕಿಯ ಸರಳಿಗೆ ನೀರಿನ ತಂಬಿಗೆ ಬಡಿದಳು. ಶಿವಗಂಗಾ ಬಂದು ಹೊರಗೆ ನಿಂತು ನೋಡಿದಳು. ಗುರುಲಿಂಗವ್ವ ಸರಳಿನ ಸಂದಿಯಿಂದ ಕೈ ಹೊರಹಾಕಿ ಅವಳ ಸೆರಗು ಹಿಡಿದುಕೊಂಡು, ದವಾಖಾನೆ ಎಂಬ ಒಂದೇ ಶಬ್ದವನ್ನು ಹೇಳಿದಳು. ಆ ಹೊತ್ತಿಗೆ ಶಿವಗಂಗಾ ಹೇಳಬಹುದಾದ ಮಾತು ಒಂದಿತ್ತು, ಹೋದ ಮಳೆಗಾಲದಿಂದ ಅದನ್ನು ನುಂಗಿಕೊಂಡು ಬದುಕಿದ್ದಳು. ಹೇಳಲಿಲ್ಲ. ಮನೆಗೆ ಹೋಗಿ ಅಂಬುಲೆನ್ಸಿಗೆ ಫೋನ್ ಮಾಡಿದಳು.

ಗಾಡಿ ಬಂದ ಸಪ್ಪಳ ಗುರುಲಿಂಗವ್ವನಿಗೆ ಕೇಳಿತು. ಗೋಡೆ ಹಿಡಿದು ಎದ್ದು ಕೂತಳು. ಕೂದಲನ್ನು ಕೈಯಿಂದಲೇ ಹಿಂದಕ್ಕೆ ತೀಡಿಕೊಂಡಳು, ಸೀರೆಯ ನಿರಿಗೆ ಸರಿ ಮಾಡಿಕೊಂಡಳು, ಚಪ್ಪಲಿಗಾಗಿ ಕಾಲಿನಿಂದ ನೆಲ ತಡವಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಸಂತೋಷವಾಗಿತ್ತು.

ಓಣಿಯ ಬಾಯಲ್ಲಿ ಅವಳ ಮಗನೂ ಹಿರಿಯರೂ ಗಾಡಿಗೆ ಅಡ್ಡ ನಿಂತಿದ್ದರು. ಇಲ್ಲಿ ಯಾರಿಗೂ ಏನೂ ಆಗಿಲ್ಲ ಎಂದರು. ಶಿವಗಂಗಾ ಮುಂದೆ ಬಂದು, ಆ ಮನೆಯಲ್ಲಿ ಮುದುಕಿ ಉಸಿರು ಸಿಗದೆ ಒದ್ದಾಡುತ್ತಿದ್ದಾಳೆ, ಒಳಗೆ ಹೋಗಿ ನೋಡಿ ಎಂದು ಕೈಮುಗಿದಳು. ತಾಯಿ ಸತ್ತಾಗಿನಿಂದ ಇವಳ ತಲೆ ನೆಟ್ಟಗಿಲ್ಲ ಎಂದು ಹಿರಿಯರು ಡ್ರೈವರನಿಗೆ ತಿಳಿಸಿ ಹೇಳಿದರು. ಅವನ ಫೋನು ಬೇರೆ ಕಡೆಯಿಂದ ಬಡಿದುಕೊಳ್ಳುತ್ತಿತ್ತು. ಗಾಡಿ ಹಿಂದಕ್ಕೆ ಸರಿದು ಹೊರಟುಹೋಯಿತು.

ವಿಜಯಮಹಾಂತೇಶ ಓಡಿ ಒಳಗೆ ಬಂದ. ತಾಯಿ ಎದ್ದು ಕೂತಿದ್ದು ಕಂಡು, ಗಾಡಿಯ ಸಪ್ಪಳಕ್ಕೆ ಅಂಜಿದ್ದಾಳೆ ಎಂದುಕೊಂಡ.

“ಕಳಿಸಿದ್ನಿ ಬೇ ಯವ್ವಾ,” ಎಂದ. “ಅಂಜಬ್ಯಾಡ. ನಿನ್ನ ಅವರ ಕೈಗೆ ಕೊಡೂದಿಲ್ಲ.”

ಗುರುಲಿಂಗವ್ವ ಎರಡೂ ಕೈಯಿಂದ ಅವನ ಅಂಗಿಯನ್ನು ಹಿಡಿದು ಜಗ್ಗಿದಳು. ಹೊಡೆಯಬೇಕೆಂದಿದ್ದಳು, ಆಗಲಿಲ್ಲ. ಅವ್ವ ತನ್ನನ್ನು ತಬ್ಬಿಕೊಂಡಳೆಂದು ಅವನು ಕಡೆಯ ತನಕ ನಂಬಿಕೊಂಡಿದ್ದ.

ಅದೇ ದಿನ ಮಧ್ಯಾಹ್ನ ಸತ್ತಳು. ಕುಣಿ ತೋಡುವವರು ಪದ್ಧತಿಯಂತೆ ಆಳವಾಗಿ ಚೌಕ ತೋಡಿ ಹೋಗಿದ್ದರು. ಇನ್ನು ಕೂಡ್ರಿಸಬೇಕು. ವಿಜಯಮಹಾಂತೇಶ ಮನೆಮನೆಯ ಮುಂದೆ ನಿಂತು ಕರೆದ. ಯಾರ ತಾಯಿಯನ್ನು, ಯಾರ ಅತ್ತೆಯನ್ನು ಗುರುಲಿಂಗವ್ವ ಕೂಡ್ರಿಸಿದ್ದಳೋ ಆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಾಗಿಲು ಮುಂದೆ ಮಾಡಿಕೊಂಡರು. ಪಿತ್ತದಿಂದ ಸತ್ತವಳನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಚಿಕ್ಕ ಮಕ್ಕಳಿವೆ ಎಂದು ಮಹೇಶ್ವರಿ ಅಂಗಳದಿಂದ ಒಳಗೆ ಬರಲಿಲ್ಲ. ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿ, ಬೇಗ ಮುಗಿಸಪ್ಪಾ ಎಂದರು. ಬಾದಾಮಿಯಿಂದ ಬರುತ್ತೇನೆಂದ ಸೋದರತ್ತೆಗೆ ದಾರಿ ಕಾದದ್ದೇ ಕಾದದ್ದು, ಅವಳೂ ಬರಲಿಲ್ಲ. ಹೊತ್ತು ಇಳಿಯುವ ತನಕ ಹೆಣ ಚಾಪೆಯ ಮೇಲೆಯೇ ಇತ್ತು.

ಕಡೆಗೆ ಅವನೊಬ್ಬನೇ ನೀರು ಹಾಕಿ, ವಿಭೂತಿ ಹಚ್ಚಿ, ತಾಯಿಯ ಕಾಲು ಮಡಚಲು ಹೋದ. ಕಾಲು ಮಡಚಲಿಲ್ಲ. ಮೊಣಕಾಲಿನ ಮೇಲೆ ಮೈಭಾರ ಹಾಕಿ ಒತ್ತಿದ, ಬೈದ, ಬೇಡಿಕೊಂಡ. ಎದುರು ಮನೆಯಿಂದ ಶಿವಗಂಗಾ ಮಾಸ್ಕ್ ಹಾಕಿಕೊಂಡು ಬಂದು ಬಗ್ಗಿ, ಮುದುಕಿಯ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿದಳು.

“ಹೊತ್ತು ಮೀರೇತಿ ಅಣ್ಣಾ. ಇನ್ನ ಕೂಡೂದಿಲ್ಲ, ಮಲಗಿಸ್ರಿ,” ಎಂದಳು.

ಅವನು ಅವಳನ್ನು ಹೊರಗೆ ಹೋಗು ಎಂದ. ಆದರೆ ಮಾಡುವುದು ಅದನ್ನೇ ಆಯಿತು. ಹಣ ಕೊಟ್ಟು ಕರೆದ ಇಬ್ಬರು ಹೆಣವನ್ನು ಚಾಪೆಯಲ್ಲಿ ಸುತ್ತಿ ಟಂಟಂ ಗಾಡಿಗೆ ಹಾಕಿದರು, ಹಿರಿಯರು ದೂರದಿಂದ ಹಿಂದೆ ಬಂದರು. ಉದ್ದಕ್ಕೆ ಸೆಟೆದ ಹೆಣ ಚೌಕದ ಕುಣಿಯಲ್ಲಿ ಹಿಡಿಯಲಿಲ್ಲ. ಇನ್ನಷ್ಟು ಅಗೆಯೋಣವೆಂದರೆ ಆ ಇಬ್ಬರೂ ಒಪ್ಪಲಿಲ್ಲ, ಆಗಲೇ ಅಂಜಿ ಬೆವತಿದ್ದರು. ಕಾಲು ಒಂದು ಮೂಲೆಗೆ ತಲೆ ಮತ್ತೊಂದು ಮೂಲೆಗೆ ಬರುವ ಹಾಗೆ ಓರೆಯಾಗಿ ಇಳಿಸಿದರು. ತಲೆ ಮೇಲಕ್ಕೇ ಉಳಿಯಿತು. ಸಲಿಕೆಯ ಹಿಂಭಾಗದಿಂದ ಒತ್ತಿ ಮಣ್ಣು ಎಳೆದರು. ಅಂಗೈಯಲ್ಲಿಟ್ಟ ಲಿಂಗ ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ.

ಸತ್ತವಳ ಹೆಸರಿನ ಗಣಾರಾಧನೆಯ ದಿನ ಓಣಿಯ ಮಂದಿಯೆಲ್ಲ ಊಟಕ್ಕೆ ಬಂದರು. ವಿಜಯಮಹಾಂತೇಶ ಹೋಳಿಗೆ ಬಡಿಸುತ್ತ, ದವಾಖಾನೆಯವರು ಬಂದರೂ ಬಿಡದೆ ಅವ್ವನನ್ನು ಅವಳ ಆಸೆಯಂತೆ ಕೂಡ್ರಿಸಿಯೇ ಮಣ್ಣು ಮಾಡಿದೆ ಎಂದು ಪ್ರತಿ ಎಲೆಯ ಮುಂದೆಯೂ ಹೇಳಿದ. ಕುಣಿಯ ದಂಡೆಯಲ್ಲಿ ನಿಂತು ನೋಡಿದ್ದ ಹಿರಿಯರು, ಹೌದು, ನಾವೇ ನೋಡಿದ್ದೇವೆ, ಬದುಕಿದ್ದವಳ ಹಾಗೆಯೇ ಕೂತಿದ್ದಳು ಎಂದರು. ಶಿವಗಂಗಾಳನ್ನು ಊಟಕ್ಕೆ ಕರೆದಿರಲಿಲ್ಲ.