ಆಜೋನ ಮೈಬಣ್ಣ

ಇವತ್ತು ಬೆಳಿಗ್ಗೆ ಅಂಕೋಲೆಯಲ್ಲಿ ನಮ್ಮ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಟರ್ಪೆಂಟೈನ್ ವಾಸನೆ ಒಳಗೆ ಬಂದದ್ದೇ ತಡ, ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದಳು. "ಇರಲಿ ಬಿಡು" ಎಂದೆ. ಆ ವಾಸನೆಗೆ ಎಲ್ಲರಿಗೂ ತಲೆನೋವು ಬಂದರೆ ನನಗೆ ಹಸಿವಾಗುತ್ತದೆ. ನಗಬೇಡಿ. ದಂಡೆಯಲ್ಲಿ ಬೆಳೆದವರಿಗೆ ಬಣ್ಣದ ವಾಸನೆ ಎಂದರೆ ಮಳೆಗಾಲದ ರಜೆ ಮುಗಿಯಿತು, ದೋಣಿಗಳು ನೀರಿಗಿಳಿಯುತ್ತವೆ, ಇನ್ನು ತಾಜಾ ಬಂಗಡೆ ಬರುತ್ತದೆ ಎಂದೇ ಅರ್ಥ. ನನ್ನ ಹೊಟ್ಟೆ ಇನ್ನೂ ಆ ಲೆಕ್ಕದಲ್ಲೇ ಇದೆ.

ಚಿಕ್ಕಂದಿನ ರಜೆಗಳನ್ನೆಲ್ಲ ನಾನು ಕಳೆದದ್ದು ಮಾವಶಿಯ ಮನೆಯಲ್ಲಿ. ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಗುಡ್ಡದ ಬುಡದ ಮೀನುಗಾರರ ಕೇರಿಯಲ್ಲಿ ಅವಳ ಮನೆ. ಗುಡ್ಡದ ಮೇಲೆ ಹಳೆಯ ಕೋಟೆ, ದುರ್ಗಾದೇವಿಯ ಗುಡಿ. ಅಲ್ಲೇ ಹತ್ತಿರದಲ್ಲಿ ದರ್ಗಾ. ಕೆಳಗೆ ದಂಡೆಯ ಮೇಲೆ ಆಜೋ.

ಆಜೋ ಎಂದರೆ ಕೊಂಕಣಿಯಲ್ಲಿ ಅಜ್ಜ. ನಮ್ಮ ಆಜೋ ಒಂದು ಆಳುದ್ದದ ಕಬ್ಬಿಣದ ತೋಪು. ಯಾವ ಕಾಲದಲ್ಲಿ ಕೋಟೆಯಿಂದ ಉರುಳಿತೋ, ಯಾರು ಅದನ್ನು ಎತ್ತಿ ಕೆಂಪುಕಲ್ಲಿನ ಕಟ್ಟೆಯ ಮೇಲೆ ಮಲಗಿಸಿದರೋ ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಗಾಳಿ ಜೋರಾದಾಗ ದೋಣಿಗಳ ಹಗ್ಗವನ್ನು ಅದಕ್ಕೇ ಕಟ್ಟುತ್ತಿದ್ದರು. ಅಷ್ಟೆಲ್ಲ ದೋಣಿಗಳನ್ನು ಹಿಡಿದು ನಿಲ್ಲಿಸಿದವನನ್ನು ಅಜ್ಜ ಎನ್ನದೆ ಮತ್ತೇನೆನ್ನಬೇಕು?

ಮಳೆಗಾಲ ಕಳೆದು ದೋಣಿಗಳು ಹೊರಡುವ ಮೊದಲು ಮಾವಶಿಗೆ ಮೂರು ಕಡೆ ಕೆಲಸ. ದುರ್ಗಾದೇವಿಗೆ ತೆಂಗಿನಕಾಯಿ, ದರ್ಗಾಕ್ಕೆ ಸಕ್ಕರೆ, ಆಜೋನಿಗೆ ಒಂದು ದಾಸವಾಳ ಮತ್ತು ಮೈತುಂಬ ಬಣ್ಣ. ದೋಣಿಗೆ ಹೊಡೆದು ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಆಜೋನಿಗೆ ಸೇರಬೇಕು, ಅದು ಕೇರಿಯ ಕ್ರಮ. ಹಾಗಾಗಿ ಆಜೋ ಒಂದು ವರ್ಷ ನೀಲಿ, ಒಂದು ವರ್ಷ ಹಸಿರು. ಡಬ್ಬಿ ಸಾಲದ ವರ್ಷ ಮುಂದೆ ಕೆಂಪು, ಹಿಂದೆ ಬಿಳಿ. "ಆಜೋ ಬತ್ತಲೆ ಇರೂದು ಚಂದ ಕಾಣ್ತದ್ಯೋ?" ಎನ್ನುತ್ತ ಮಾವಶಿ ಸೀರೆ ಎತ್ತಿ ಕಟ್ಟಿ ಕುಂಚ ಹಿಡಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಆಜೋನಿಗಿಂತ ಅವಳಿಗೇ ಹೆಚ್ಚು ಬಣ್ಣವಾಗಿರುತ್ತಿತ್ತು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಕದ್ರಾದ ವಿದ್ಯುದಾಗಾರದ ನೌಕರಿಯಿಂದ ನಿವೃತ್ತನಾದ ಮೇಲೆ ಹೆಂಡತಿಯೊಂದಿಗೆ ಹಂಪಿಗೆ ಹೋದೆ. ಅಲ್ಲಿನ ಗೈಡು ಕಂಬ ಮುಟ್ಟಿದವರನ್ನೆಲ್ಲ ಗದರಿಸುವ ಠೀವಿ ನೋಡಿ ನನಗೆ ಇತಿಹಾಸದ ಜ್ವರ ಹತ್ತಿತು. ತಲೆಗೊಂದು ಟೋಪಿ ಕೊಂಡೆ. ಊರಿಗೆ ಬಂದವನು ಅಂಕೋಲೆಯ ಕೋಟೆಯ ಕಲ್ಲಿನ ಸಂದಿಯಲ್ಲಿ ಹುಟ್ಟಿದ ಗಿಡಗಳನ್ನು ಕಿತ್ತು ಕೈ ಕೊಯ್ದುಕೊಂಡೆ. ಅದಕ್ಕೂ ಜ್ವರ ಇಳಿಯದೆ, ಸಂಬಂಧಪಟ್ಟ ಇಲಾಖೆಗೆ ಒಂದು ಪತ್ರ ಬರೆದೆ. "ಸದಾಶಿವಗಡದ ಕಡಲತೀರದ ಅಮೂಲ್ಯ ತೋಪೊಂದು ಅಜ್ಞಾನಿಗಳ ಕೈಗೆ ಸಿಕ್ಕಿ ವಿರೂಪಗೊಳ್ಳುತ್ತಿದೆ." ವಿರೂಪ ಎಂಬ ಪದ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಅಜ್ಞಾನಿ ನನ್ನನ್ನು ಎತ್ತಿ ಆಡಿಸಿದ ಮಾವಶಿ ಎಂಬುದು ಆ ಕ್ಷಣ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು.

ತಿಂಗಳುಗಳು ಕಳೆದವು, ನಾನು ಪತ್ರವನ್ನು ಮರೆತೂಬಿಟ್ಟೆ. ಒಂದು ದಿನ ಮಾವಶಿಯ ಫೋನು ಬಂತು.

"ಪುತಾ, ಆಜೋನ್ನ ತಕಂಡು ಹೋಗೂಕೆ ಯಾರೋ ಸಾಹೇಬ್ರು ಬಂದಾರೆ. ನೀ ಕಲತವ. ಲಗೂನೆ ಬಂದು ಮಾತಾಡು."

ಕೂಡಲೇ ಕಾರವಾರದ ಬಸ್ಸು ಹತ್ತಿದೆ. ಆಜೋ ಇಲ್ಲದ ಆ ದಂಡೆಯನ್ನು, ಆ ಖಾಲಿ ಕಟ್ಟೆಯ ಮುಂದೆ ನಿಂತ ಮಾವಶಿಯನ್ನು ನೆನೆದರೆ ಅಳುವೇ ಬರುತ್ತಿತ್ತು. ಹೋಗಿ ನೋಡಿದರೆ ಇಡೀ ಕೇರಿ ನೆರೆದಿದೆ. ತೆಳ್ಳನೆಯ ಅಧಿಕಾರಿಯೊಬ್ಬರು ಆಜೋನ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದಾರೆ. ನಾನು ಹೆಸರು ಹೇಳಿದ್ದೇ ತಡ, ಅವರ ಮುಖ ಅರಳಿತು.

"ಓ, ಪತ್ರ ಬರೆದವರು ನೀವೇ ಅಲ್ಲವೇ!" ಎಂದು, ಪುಣ್ಯಾತ್ಮರು, ಪತ್ರ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದರು.

ಮಾವಶಿ ನನ್ನ ಕಡೆ ಒಮ್ಮೆ ನೋಡಿದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಾಳಾಗುತ್ತಿದ್ದರೆ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕಾಗುತ್ತದೆ ಎಂದು ಅಧಿಕಾರಿ ವಿವರಿಸಿ, ಕಬ್ಬಿಣದ ಸ್ಥಿತಿ ನೋಡಲು ಚಿಕ್ಕ ಚಾಕುವಿನಿಂದ ತೋಪಿನ ಬಾಯಿಯ ಬಳಿ ಹೆಬ್ಬೆರಳಗಲ ಕೆರೆದರು. ನೀಲಿಯ ಕೆಳಗೆ ಹಸಿರು, ಅದರ ಕೆಳಗೆ ಮತ್ತೆ ನೀಲಿ, ಹೀಗೆ ಪದರದ ಕೆಳಗೆ ಪದರ, ತಳದ ಹತ್ತಿರ ಕೆಂಪು, ಬಿಳಿ, ಹಳದಿ. ಮಾವಶಿ ಜನರನ್ನು ಸರಿಸಿಕೊಂಡು ಬಂದು ಬಗ್ಗಿದಳು.

"ಈ ಕೆಂಪು ನನ್ನ ಮೈದುನನ ದೋಣೀದು. ಅಂವ ಮದುವೆ ಆದ ವರ್ಷ. ಬಿಳಿ ಆಚೆಮನೆಯವ್ರದ್ದು." ಅವಳ ಬೆರಳು ಹಳದಿ ಗೆರೆಯ ಮೇಲೆ ನಿಂತಿತು. "ಇದು ನಮ್ಮದು. ತುಫಾನಿಗೆ ಮುಳಗ್ತು. ಜನ ಎಲ್ಲ ಈಜಿ ಬಂದ್ರು, ದೋಣಿ ಬರಲಿಲ್ಲ. ಆ ದೋಣೀದು ಉಳದದ್ದು ಇಷ್ಟೇ ಸಾಹೇಬ್ರೇ."

ಅಧಿಕಾರಿ ಚಾಕು ಮಡಚಿದರು. ಆ ಹಳದಿಯನ್ನು ಅವರು ಮತ್ತೆ ಕೆರೆಯಲಿಲ್ಲ. "ಬಣ್ಣ ಹೊಡೆಯುವ ಮೊದಲು ಏನು ಮಾಡುತ್ತೀರಿ?" ಎಂದು ಕೇಳಿದರು.

"ಬಾವಿ ನೀರಲ್ಲಿ ತೊಳೂದು, ಎರಡು ದಿನ ಬಿಸಲಲ್ಲಿ ಒಣಗ್ಸೂದು. ಉಪ್ಪು ಉಳದ್ರೆ ಕಬ್ಬಿಣ ತಿಂತದೆ."

ಅವರು ನನ್ನತ್ತ ತಿರುಗಿದರು. ಸಮುದ್ರದ ಗಾಳಿಗೆ ಬಿದ್ದ ಎಷ್ಟೋ ತೋಪುಗಳು ಹಪ್ಪಳದ ಹಾಗೆ ಪದರ ಪದರವಾಗಿ ಉದುರುವುದನ್ನು ತಾವು ನೋಡಿದ್ದಾಗಿಯೂ, ಇಷ್ಟು ಗಟ್ಟಿ ಉಳಿದದ್ದನ್ನು ಕಾಣುವುದು ಅಪರೂಪವೆಂದೂ ಹೇಳಿದರು. ನಾನು ನೆಲ ನೋಡಿದೆ. ಕದ್ರಾದಲ್ಲಿ ತುಕ್ಕು ಹಿಡಿಯದಂತೆ ಕಬ್ಬಿಣದ ಕೊಳವೆಗಳಿಗೆ ವರ್ಷ ವರ್ಷ ಬಣ್ಣ ಹೊಡೆಸುವ ಉಸ್ತುವಾರಿ ಯಾರದಾಗಿತ್ತು ಎಂದುಕೊಂಡಿರಿ? ನನ್ನದೇ.

"ಬಣ್ಣ ಹೊಡೆಯಿರಿ ಎಂದು ನಾನು ಬರೆಯುವಂತಿಲ್ಲ" ಎಂದರು ಅಧಿಕಾರಿ. "ಸುಸ್ಥಿತಿಯಲ್ಲಿದೆ, ಇದ್ದಲ್ಲೇ ಇರಲಿ ಎಂದು ಬರೆಯಬಹುದು. ಅದು ನಿಜವೇ ತಾನೆ."

ಕೇರಿಯವರು ಕೇಕೆ ಹಾಕಿದರು. ಯಾರೋ ಆಜೋನ ಮೇಲೆ ಒಂದು ಕೊಡ ನೀರು ಸುರಿದರು. ಮಾವಶಿ ಸಾಹೇಬರಿಗೆ ಚಹಾ, ಹುರಿದ ಬಂಗಡೆ ಕೊಟ್ಟಳು. ನನಗೆ ನೀರೂ ಇಲ್ಲ. ಅವರ ಜೀಪು ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು.

"ಅಜ್ಞಾನಿ ಅಂದ್ರೆ ಯಾರೋ?"

"ನಾನೇ ಮಾವಶಿ."

"ಹಾಂ. ಮುಂದಿನ ವರ್ಷದಿಂದ ಬಣ್ಣ ನೀ ಹೊಡಿ. ಈಗ ಊಟಕ್ಕೆ ಬಾ."

ಆ ಊಟದಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡಿಲ್ಲ.

ಅಂದಿನಿಂದ ಪ್ರತಿ ವರ್ಷ ಹೋಗುತ್ತೇನೆ. ಮೊದಲ ಸಲ ಜಂಬದಿಂದ ಅಂಗಡಿಯ ಹೊಸ ಡಬ್ಬಿ ಒಯ್ದಿದ್ದೆ. ಮಾವಶಿ ಮುಟ್ಟಲೂ ಇಲ್ಲ. ಸಮುದ್ರಕ್ಕೆ ಹೋಗುವ ದೋಣಿಯ ಬಣ್ಣವೇ ಆಗಬೇಕಂತೆ. ಹಾಗಾಗಿ ಅಂದಿನಿಂದ ನಾನು ಡಬ್ಬಿ ಹಿಡಿದು ದೋಣಿಯಿಂದ ದೋಣಿಗೆ ಬಣ್ಣ ಬೇಡುವವನು. ಇವತ್ತು ಮಧ್ಯಾಹ್ನವೂ ಬಸ್ಸು ಹತ್ತಿ ಹೋದೆ. ಸಿಕ್ಕಿದ್ದು ಕಿತ್ತಳೆ, ಅದೂ ಕಣ್ಣು ಕುಕ್ಕುವಂಥದ್ದು. ಈಗ ನಡೆಯುವುದೂ ಕಷ್ಟವಾದ ಮಾವಶಿ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಹುಕುಂ ಕೊಡುತ್ತಿದ್ದಳು.

ಕೋಟೆ ನೋಡಲು ಬಂದ ಮಧ್ಯವಯಸ್ಸಿನ ಪ್ರವಾಸಿಯೊಬ್ಬರು, ಕೊರಳಿಗೆ ಕ್ಯಾಮರಾ ನೇತುಹಾಕಿದವರು, ನನ್ನನ್ನು ಕಂಡು ಗಕ್ಕನೆ ನಿಂತರು.

"ಏನ್ರೀ ಇದು ಅನ್ಯಾಯ! ಹಳೇ ತೋಪಿಗೆ ಬಣ್ಣ ಹೊಡೀತಿದ್ದೀರಲ್ಲ! ಇಲಾಖೆಗೆ ಪತ್ರ ಬರೀತೀನಿ ನೋಡಿ."

"ಅಗತ್ಯ ಬರೀರಿ. ವಿಳಾಸ ನಾನೇ ಕೊಡ್ತೆ" ಎಂದೆ. ನನಗೆ ನಗು ತಡೆಯಲಾಗಲಿಲ್ಲ.

ಅವರು ಕಕ್ಕಾಬಿಕ್ಕಿಯಾಗಿ ಮಾವಶಿಯ ಕಡೆ ನೋಡಿದರು. ಮಾವಶಿ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ಹೇಳಿದಳು:

"ಪುತಾ, ಅವ್ರಿಗೂ ಒಂದು ಕುಂಚ ಕೊಡು."