‘ಮೊ’ ಮೇಲಿನ ಗೀಟು

ಮುಂಬಯಿಯ ಮುಲುಂಡ್‌ನ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಚಪ್ಪಾಳೆ ಕೇಳಿಸಿತು. ನನ್ನ ಮಗಳು ಸುಧಾ ತೀರಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಈ ಮನೆಯಲ್ಲಿ ಚಪ್ಪಾಳೆಯೇ ಎಂದು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದೆ. ನೋಡಿದರೆ ಮೊಮ್ಮಗಳು ತನ್ವಿ ಫೋನಿನ ಮುಂದೆ ಕೂತು, ‘ಮ-ರಿ-ಪೊ-ಸ’ ಎಂದು ತುಂಡಿಗೊಂದು ಚಪ್ಪಾಳೆ ತಟ್ಟುತ್ತಿದ್ದಳು. ಸ್ಪ್ಯಾನಿಶ್‌ನಲ್ಲಿ ಹಾಗೆಂದರೆ ಚಿಟ್ಟೆಯಂತೆ. ಅಳಿಯನಿಗೆ ಮೆಕ್ಸಿಕೋದ ಹೋಟೆಲೊಂದರಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು. ವರ್ಷದೊಳಗೆ ಮಗಳನ್ನೂ ಕರೆದೊಯ್ಯುವವನಿದ್ದ. ಅಲ್ಲಿಯವರೆಗೆ ಅವಳನ್ನು ನೋಡಿಕೊಳ್ಳಲು ನಾನು ಬಂದಿದ್ದೆ.

ಧಾರವಾಡದಲ್ಲಿ ಹಿತ್ತಲಿಗೆ ಹೋಗಿ ಅತ್ತು ಬರಬಹುದಿತ್ತು. ಇಲ್ಲಿ ನಲ್ಲಿ ಬಿಟ್ಟುಕೊಂಡು ಅಳಬೇಕು. ಆ ನೀರೂ ಬೆಳಗ್ಗೆ ಒಂದೇ ತಾಸು. ನಮ್ಮ ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ. ‘ಭಾಕರಿ’ ಎಂದು ಕೇಳಿ ಜೋಳದ ಹಿಟ್ಟು ತಂದ ದಿನ ನಾನು ಊರು ಗೆದ್ದವಳಂತೆ ಬೀಗಿದೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಲಘು-ಗುರು ಹಾಕಿಸಿದವಳು ನಾನು. ಸ್ಪ್ಯಾನಿಶ್ ಏನು ಮಹಾ ಎಂದು ತನ್ವಿಯ ಪುಸ್ತಕದಲ್ಲಿ ‘ಪಪಾ’ ಪದದ ಮೊದಲ ಅಕ್ಷರಕ್ಕೇ ಗುರು ಎಳೆದು, ‘ಪಾಪ’ ಎಂದು ಓದಿದೆ.

“ಅಜ್ಜಿ, ಗಲತ್! ಫಸ್ಟಿಗೆ ಜೋರ್ ಕೊಟ್ರ ಆಲೂ ಆಗ್ತದ. ನೀ ಪಪ್ಪಾಗ ಆಲೂ ಮಾಡ್ದಿ!”

ಅಳಿಯ ಇನ್ನೂ ಮೆಕ್ಸಿಕೋಗೆ ಹೊರಟಿರಲಿಲ್ಲ. ಆ ಮನೆಯಲ್ಲಿ ಅವನು ನಕ್ಕಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಆಮೇಲೆ ಹಟ ಹಿಡಿದು ಕಲಿತೆ. ಸ್ವರದಲ್ಲೋ, ‘ನ್’, ‘ಸ್’ಗಳಲ್ಲೋ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೆಯ ತುಂಡಿನ ಮೇಲೆ ಒತ್ತು, ಉಳಿದವಕ್ಕೆ ಕೊನೆಯದರ ಮೇಲೆ. ನಿಯಮ ಮೀರಿದರೆ ಸ್ವರದ ನೆತ್ತಿಗೊಂದು ಗೀಟು. ದಿನವೂ ಅವಳನ್ನು ಕೂರಿಸಿಕೊಂಡು ಬರೆಸುತ್ತಿದ್ದೆ. ನನ್ನನ್ನು ಬಿಟ್ಟುಹೋಗುವ ಪಾಠವನ್ನು ನಾನೇ ಹೇಳಿಕೊಡುತ್ತಿದ್ದೆ. ಸುಧಾಳದ್ದೆಂದು ನನಗೆ ಉಳಿದಿದ್ದವಳು ಅವಳೊಬ್ಬಳೇ.

ಅಪ್ಪನ ಬಳಿಗೆ ಹೊರಡುವ ಹಿಂದಿನ ದಿನ ತನ್ವಿ ನನ್ನ ನೋಟ್‌ಬುಕ್ಕಿನಲ್ಲಿ ಎರಡೇ ಪದ ಬರೆದುಕೊಟ್ಟಳು: ‘ತೆ ಅಮೊ.’ ‘ಮೊ’ ಮೇಲೆ ಗೀಟಿತ್ತು. ನಾನು ರಬ್ಬರ್ ಎತ್ತಿಕೊಂಡೆ.

“ತನು, ಈ ಗೀಟು ತಪ್ಪು ಅದವಾ. ಗೀಟು ಇಲ್ಲದಿದ್ರ ‘ನಾ ನಿನ್ನ ಪ್ರೀತಿಸ್ತೀನಿ’. ಗೀಟು ಹಾಕಿದ್ರ ‘ಆಕಿ ನಿನ್ನ ಪ್ರೀತಿಸಿದ್ಲು’ ಅಂತ ಆಗ್ತದ.”

“ಮಾಲೂಮ್ ಅದ ಅಜ್ಜಿ. ಅದು ನಂದಲ್ಲ. ಮಮ್ಮೀದು.”

ಅಂದು ನಲ್ಲಿ ಬಿಡುವ ವ್ಯವಧಾನವೂ ನನಗಿರಲಿಲ್ಲ.

ಈಗ ಧಾರವಾಡದಿಂದ ತಂಗಿ, “ಅಕ್ಕಾ, ಯಾವಾಗ ಬರ್ತಿ?” ಎನ್ನುತ್ತಾಳೆ. ಮೆಕ್ಸಿಕೋದಿಂದ ತನ್ವಿಯೂ ಅದನ್ನೇ ಕೇಳುತ್ತಾಳೆ. ಇಬ್ಬರಿಗೂ “ಬರ್ತೀನಿ” ಎನ್ನುತ್ತೇನೆ. ಸುಧಾ ಬಾಳಿದ ಈ ಮನೆಯಿಂದ ಕಾಲು ಮಾತ್ರ ಏಳುವುದಿಲ್ಲ. ಬೆಳಗ್ಗೆ ನೀರು ಬಂದಾಗ ಆ ಪುಟ ತೆರೆದು ಎರಡು ಸಲ ಓದುತ್ತೇನೆ: ಒಮ್ಮೆ ಗೀಟು ಬಿಟ್ಟು ತನ್ವಿಯದು, ಒಮ್ಮೆ ಗೀಟು ಸೇರಿಸಿ ನನ್ನ ಮಗಳದು.